ಲೂರ್ದು ಮೇರಿಯ ಉಸಿರು

ತರಗತಿಯಲ್ಲಿ ಹಾಜರಿ ಕರೆದಾಗ ನಾವೆಲ್ಲ ‘ಎಸ್ ಸಾರ್’ ಅನ್ನುತ್ತಿದ್ದೆವು. ಲೂರ್ದು ಮೇರಿ ಮಾತ್ರ ಎದ್ದು ನಿಲ್ಲುತ್ತಿದ್ದಳು. ಮೇಷ್ಟ್ರು ಕನ್ನಡಕದ ಮೇಲಿಂದ ಅವಳನ್ನು ನೋಡಿ, ಗುರುತು ಹಾಕಿಕೊಂಡು ಮುಂದಿನ ಹೆಸರಿಗೆ ಹೋಗುತ್ತಿದ್ದರು. ಹೊಸ ಮೇಷ್ಟ್ರು ಯಾರಾದರೂ ವರ್ಗವಾಗಿ ಬಂದರೆ ಕಷ್ಟ. ‘ಯಾಕಮ್ಮ, ಬಾಯಿಲ್ವಾ?’ ಎಂದು ಕೇಳುತ್ತಿದ್ದರು. ಆಗ ಅವಳ ಕೆಳತುಟಿ ನಡುಗುತ್ತಿತ್ತು, ಕತ್ತಿನ ನರ ಉಬ್ಬುತ್ತಿತ್ತು, ಮಾತು ಮಾತ್ರ ಹೊರಗೆ ಬರುತ್ತಿರಲಿಲ್ಲ. ಬೇರೆ ಮಾತಾದರೆ ತಡವರಿಸಿಕೊಂಡು ಹೇಗೋ ಹೇಳುವಳು. ತನ್ನ ಹೆಸರು ಹೇಳುವುದೇ ಅವಳಿಗೆ ಎಲ್ಲಕ್ಕಿಂತ ಕಷ್ಟವಾಗಿತ್ತು. ಪಕ್ಕದಲ್ಲಿ ಕೂರುತ್ತಿದ್ದ ನಾನು ಎದ್ದು, ‘ಅವಳಿಗೆ ಉಗ್ಗು ಸಾರ್’ ಎನ್ನುತ್ತಿದ್ದೆ.

ಇದು ಲಕ್ಕವಳ್ಳಿಯ ಮಾತು, ಎಂಬತ್ತರ ದಶಕದ ಕೊನೆಯ ವರ್ಷಗಳದು. ಭದ್ರಾ ಅಣೆಕಟ್ಟೆಯ ಸಿಬ್ಬಂದಿಗೆಂದು ಕಟ್ಟಿದ ಕ್ವಾರ್ಟರ್ಸಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ನಮ್ಮಪ್ಪ ನಾಲೆ ಆಫೀಸಿನಲ್ಲಿ ಗುಮಾಸ್ತರು. ಅವಳಪ್ಪ ಇನ್ನಾಸಪ್ಪ ಅಣೆಕಟ್ಟೆಯ ಗೇಟುಗಳನ್ನು ನೋಡಿಕೊಳ್ಳುವ ಫಿಟ್ಟರ್. ಅವರ ಅಪ್ಪ ಅಣೆಕಟ್ಟೆ ಕಟ್ಟುವಾಗ ಕಲ್ಲುಕೆಲಸಕ್ಕೆ ಬಂದು ಇಲ್ಲೇ ಉಳಿದವರಂತೆ. ಹಾಗೆ ಬಂದುಳಿದ ಕೆಲವೇ ಕ್ರೈಸ್ತ ಮನೆಗಳಿಗೆ ಸೇರಿ, ಕ್ವಾರ್ಟರ್ಸಿನ ಕೊನೆಯಲ್ಲಿ ಹೆಂಚಿನ ಒಂದು ಪುಟ್ಟ ಗುಡಿಯಿತ್ತು. ತರೀಕೆರೆಯಿಂದ ಫಾದರ್ ಮೋಟಾರ್ ಸೈಕಲ್ಲಿನಲ್ಲಿ ಬಂದು ಪೂಜೆ ಮಾಡಿ ಹೋಗುತ್ತಿದ್ದರು.

ಸಂಜೆ ನಮ್ಮಜ್ಜಿ ಲಿಂಗಪೂಜೆಗೆ ಕೂರುವ ಹೊತ್ತಿಗೆ ಸರಿಯಾಗಿ ಗೋಡೆಯಾಚೆಯಿಂದ ಜಪಸರದ ದನಿ ಶುರುವಾಗುತ್ತಿತ್ತು. ಒಬ್ಬರು ‘ನಮೋ ಮರಿಯಾ’ ಎಂದು ಅರ್ಧ ಹೇಳಬೇಕು, ಉಳಿದವರು ಒಟ್ಟಿಗೆ ಮಿಕ್ಕರ್ಧ ಹೇಳಬೇಕು. ಮೊದಲು ಇನ್ನಾಸಪ್ಪನವರ ಒಡಕು ದನಿ, ಆಮೇಲೆ ಅವರ ಹೆಂಡತಿ ಮದಲಮ್ಮನವರ ಸಣ್ಣ ದನಿ. ಅದು ಮುಗಿದ ಮೇಲೆ ಒಮ್ಮೆಲೇ ಎಲ್ಲ ನಿಂತುಹೋಗುತ್ತಿತ್ತು. ನಮ್ಮಜ್ಜಿ ಕಣ್ಣು ಮುಚ್ಚಿಕೊಂಡೇ, ‘ಆ ಹುಡುಗಿ ಸರದಿ ಬಂತು ಅಂತ ಕಾಣ್ತದೆ’ ಎನ್ನುತ್ತಿದ್ದರು. ಆ ಮೌನ ನಮ್ಮ ಮನೆಯೊಳಗೂ ತುಂಬುತ್ತಿತ್ತು. ಮದಲಮ್ಮ ತಡೆಯಲಾರದೆ, ‘ಬಿಡಿ, ನಾನೇ ಹೇಳ್ತೀನಿ’ ಎಂದರೂ ಇನ್ನಾಸಪ್ಪ ಒಪ್ಪುತ್ತಿರಲಿಲ್ಲ. ‘ಅವಳ ಪಾಲು ಅವಳೇ ಹೇಳ್ಲಿ. ಮಾತೆಗೇನು ಬಸ್ಸು ತಪ್ಪೋಗುತ್ತಾ?’ ಎಂದು ಮಣಿಯ ಮೇಲೆ ಬೆರಳಿಟ್ಟುಕೊಂಡು ಕೂತಿರುತ್ತಿದ್ದರು. ವಿಚಿತ್ರವೆಂದರೆ, ಎಲ್ಲರೂ ಒಟ್ಟಿಗೆ ಹೇಳುವ ಭಾಗದಲ್ಲಿ ಲೂರ್ದುವಿನ ದನಿ ಎಲ್ಲರಿಗಿಂತ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಒಬ್ಬಳೇ ಆದಾಗಲಷ್ಟೇ ನಾಲಿಗೆ ಕಟ್ಟಿಕೊಳ್ಳುವುದು.

ಮದಲಮ್ಮ ಹರಿಹರದ ಆರೋಗ್ಯ ಮಾತೆಗೆ ಹರಕೆ ಹೊತ್ತಿದ್ದರು. ಸೆಪ್ಟೆಂಬರಿನ ಹಬ್ಬಕ್ಕೆ ಪ್ರತಿ ವರ್ಷ ಮಗಳನ್ನು ಕರೆದುಕೊಂಡು ತರೀಕೆರೆಯಲ್ಲಿ ರೈಲು ಹತ್ತುವರು, ಬೀರೂರಿನಲ್ಲಿ ರೈಲು ಬದಲಿಸುವರು, ಹರಿಹರದಲ್ಲಿ ಮೇಣದ ಬತ್ತಿ ಹಚ್ಚಿ ಬರುವರು. ವಾಪಸ್ ಬಂದ ದಿನ ನಾನು ಹಿತ್ತಲಲ್ಲಿ ಲೂರ್ದುವಿನ ಮುಖ ನೋಡುತ್ತಿದ್ದೆ. ಅವಳು ಬಾಯಿ ತೆರೆದು ಏನೋ ಹೇಳಲು ಹೋಗಿ, ತಡೆದು, ನಕ್ಕು ತಲೆಯಾಡಿಸುತ್ತಿದ್ದಳು.

ನಾವು ಒಂಬತ್ತನೇ ತರಗತಿಯಲ್ಲಿದ್ದಾಗ ಅಜ್ಜಂಪುರದ ರುದ್ರಮೂರ್ತಿ ಎಂಬವರು ನಮ್ಮ ಹೈಸ್ಕೂಲಿಗೆ ಪಿ.ಟಿ. ಮೇಷ್ಟ್ರಾಗಿ ಬಂದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಸೀಟಿ. ಹುಡುಗಿಯರ ಕಬಡ್ಡಿ ತಂಡ ಕಟ್ಟುತ್ತೇನೆಂದಾಗ ಊರಿನವರು ನಕ್ಕರು. ಅವರು ಮನೆಮನೆಗೆ ಹೋಗಿ ಅಪ್ಪಂದಿರನ್ನು ಒಪ್ಪಿಸಿದರು. ನಾವು ಅಣ್ಣಂದಿರ ಪ್ಯಾಂಟಿಗೆ ಸೊಂಟದಲ್ಲಿ ಲಾಡಿ ಕಟ್ಟಿಕೊಂಡು ಮೈದಾನಕ್ಕಿಳಿದೆವು. ಇವತ್ತಿಗೂ ಹಳೆಯ ಗೆಳತಿಯರು ಸಿಕ್ಕಾಗ ಮೊದಲು ನೆನಪಿಸಿಕೊಂಡು ನಗುವುದು ಆ ಪ್ಯಾಂಟುಗಳನ್ನು.

ಲೂರ್ದುವಿನ ಕಾಲಿನ ವೇಗ ನೋಡಿ ಮೇಷ್ಟ್ರು ಅವಳನ್ನು ರೈಡಿಗೆ ನಿಲ್ಲಿಸಿದರು. ಅವಳಿಗೆ ಉಗ್ಗು ಇರುವುದು ಅವರಿಗೆ ಗೊತ್ತಿರಲಿಲ್ಲ. ಎದುರಾಳಿ ಅಂಕಣಕ್ಕೆ ಹೋದವಳು ವಾಪಸ್ ಬರುವ ತನಕ ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತಲೇ ಇರಬೇಕು. ಮಾತು ನಿಂತರೆ ಔಟ್. ಅವಳು ನಡುಗೆರೆಗೆ ಬಂದು ನಿಂತಳು. ‘ಕ’ ಎಂಬಲ್ಲೇ ಸಿಕ್ಕಿಕೊಂಡಿತು. ಮೇಷ್ಟ್ರು ಸೀಟಿ ಊದಿದರು. ಯಾರೋ ಕಿಸಕ್ಕೆಂದರು. ಅವಳು ಮೈದಾನ ಬಿಟ್ಟು ನಾಲೆಯ ಏರಿಯ ಕಡೆ ನಡೆದುಬಿಟ್ಟಳು.

ಮೇಷ್ಟ್ರು ನನ್ನನ್ನು ಕರೆದು ವಿಷಯ ಕೇಳಿಕೊಂಡರು. ಮರುದಿನ ಅವಳ ಬಳಿ ಅದರ ಮಾತೇ ಎತ್ತಲಿಲ್ಲ. ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ‘ಇವತ್ತಿಂದ ಎಲ್ರೂ ಒಟ್ಟಿಗೆ ಹೇಳ್ಕೊಂಡು ಗೆರೆ ತನಕ ಬನ್ನಿ. ಉಸಿರು ಬಿಗಿ ಹಿಡ್ಕೋಬ್ಯಾಡಿ. ಬಿಡ್ತಾ ಬಿಡ್ತಾ ಮಾತು ಶುರು ಮಾಡಿ. ಗೆರೆ ಇನ್ನೂ ದೂರ ಇರೋವಾಗ್ಲೇ ಶುರು ಮಾಡಿ’ ಎಂದರು. ದಿನವೂ ಸಂಜೆ ಅದೇ ಅಭ್ಯಾಸ. ಗುಂಪಿನಲ್ಲಿ ಅವಳ ಬಾಯಿ ಸರಾಗವಾಗಿ ಓಡುತ್ತಿತ್ತು.

ಒಂದು ಸಂಜೆ ಹಾಗೆಯೇ ಹೇಳಿಕೊಂಡು ಹೋಗುತ್ತಿದ್ದಾಗ ಮೇಷ್ಟ್ರು ಅವಳಿಗೆ ಕಾಣದಂತೆ ನಮ್ಮ ಕಡೆ ಕೈಸನ್ನೆ ಮಾಡಿದರು. ಮೊದಲು ಹಿಂದಿದ್ದ ತೀರ್ಥಮ್ಮ ಎಂಬ ಹುಡುಗಿ ಹೇಳುವುದನ್ನು ನಿಲ್ಲಿಸಿದಳು. ಆಮೇಲೆ ಇನ್ನೊಬ್ಬಳು. ಕೊನೆಗೆ ಅವಳ ಪಕ್ಕದಲ್ಲಿದ್ದ ನಾನೂ ಸುಮ್ಮನಾದೆ. ಲೂರ್ದುವಿಗೆ ಗೊತ್ತಾಗಲಿಲ್ಲ. ಒಬ್ಬಳೇ ಹೇಳುತ್ತ ಗೆರೆ ದಾಟಿದಳು, ಖಾಲಿ ಅಂಕಣದಲ್ಲಿ ಒಂದು ಸುತ್ತು ಹಾಕಿ, ಹೇಳುತ್ತಲೇ ವಾಪಸ್ ಬಂದಳು. ತಿರುಗಿ ನೋಡಿದರೆ ನಾವೆಲ್ಲ ಅವಳನ್ನೇ ನೋಡುತ್ತ ನಿಂತಿದ್ದೇವೆ. ಅವಳು ನೆಲದ ಮೇಲೆ ಕೂತು ಮೊಣಕಾಲಿಗೆ ಮುಖ ಒತ್ತಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ.

‘ಏಳು, ಏಳು. ಇನ್ನೂ ಯಾರನ್ನೂ ಮುಟ್ಟಿಲ್ಲ ನೀನು’ ಎಂದರು ಮೇಷ್ಟ್ರು.

ಅದರಿಂದ ಅವಳ ಉಗ್ಗು ಹೋಯಿತೆಂದಲ್ಲ. ತರಗತಿಯಲ್ಲಿ ಮೊದಲಿನಂತೆಯೇ ಎದ್ದು ನಿಲ್ಲುತ್ತಿದ್ದಳು. ಮೈದಾನದಲ್ಲೂ ಕೆಲವು ದಿನ ಬಾಯಿ ಕಟ್ಟಿಕೊಳ್ಳುತ್ತಿತ್ತು. ಆದರೆ ಹಾಗಾದಾಗ ಓಡಿಹೋಗುವುದು ನಿಂತಿತು. ಗೆರೆಯಿಂದ ಹಿಂದಕ್ಕೆ ಬಂದು, ಉಸಿರು ಬಿಟ್ಟು, ಮತ್ತೆ ಹೋಗುವಳು. ಬೆಳಿಗ್ಗೆ ನಾಲೆಯ ಏರಿಯ ಮೇಲೆ ಒಬ್ಬಳೇ ‘ಕಬಡ್ಡಿ’ ಹೇಳಿಕೊಂಡು ನಡೆಯುವುದನ್ನು ನೋಡಿ ಗದ್ದೆಗೆ ಹೋಗುವವರು, ‘ಇನ್ನಾಸಪ್ಪನ ಮಗಳಿಗೆ ಏನಾಯ್ತು?’ ಎಂದು ಕೇಳುತ್ತಿದ್ದರು.

ಆ ವರ್ಷ ತರೀಕೆರೆಯಲ್ಲಿ ನಡೆದ ತಾಲ್ಲೂಕು ಪಂದ್ಯದಲ್ಲಿ ಗೆದ್ದೆವು. ಜಿಲ್ಲಾ ಪಂದ್ಯ ಕಡೂರಿನಲ್ಲಿ. ಮದಲಮ್ಮ ಕಟ್ಟಿಕೊಟ್ಟ ಚಿತ್ರಾನ್ನ ತಿಂದು ಮೈದಾನಕ್ಕಿಳಿದೆವು. ಪಂದ್ಯ ಸಮಸಮವಾಗಿ ನಡೆದು ಕೊನೆಯ ರೈಡು ಲೂರ್ದುವಿನ ಪಾಲಿಗೆ ಬಂತು. ಹೋಗುವ ಮೊದಲು ಮೇಷ್ಟ್ರು ಅವಳ ಬಳಿ ಬಗ್ಗಿ, ‘ಸಿಕ್ಕಾಕ್ಕೊಂಡ್ರೆ ಸಿಕ್ಕಾಕ್ಕೊ, ಅದಕ್ಕೆ ಹೆದರ್ಬ್ಯಾಡ. ಬೀಳೋದಾದ್ರೆ ಗೆರೆ ಕಡೆ ಬಾಗ್ಕೊಂಡು ಬೀಳು’ ಎಂದರು.

ಅವಳು ಒಬ್ಬಳನ್ನು ಮುಟ್ಟಿ ತಿರುಗುವಷ್ಟರಲ್ಲಿ ಕಾಲು ಹಿಡಿದರು, ಸೊಂಟ ಹಿಡಿದರು. ಹೇಳುತ್ತಲೇ ಬಿದ್ದಳು. ಮಣ್ಣಿನಲ್ಲಿ ಎದೆಯೂರಿ, ಮೈಮೇಲೆ ಅಷ್ಟು ಜನರನ್ನು ಹೊತ್ತು, ಕೈ ಚಾಚಿ ತೆವಳಿದಳು. ದನಿ ಸಣ್ಣಗಾಗುತ್ತ ಬಂತು. ಬೆರಳು ಇನ್ನೇನು ಗೆರೆಗೆ ತಾಗಬೇಕು, ಉಸಿರು ಮುಗಿದುಹೋಯಿತು. ಸೀಟಿ ಕೇಳಿಸಿತು. ಸೋತೆವು.

ವಾಪಸ್ ಬರುವಾಗ ಬಸ್ಸಿನಲ್ಲಿ ಎಲ್ಲರೂ ಅತ್ತೆವು. ಲೂರ್ದು ಅಳಲಿಲ್ಲ. ಬೀರೂರು ದಾಟಿದ ಮೇಲೆ ಕಿಟಕಿಯ ಕಡೆಯಿಂದ ತಿರುಗಿ, ಎಲ್ಲರಿಗೂ ಕೇಳುವಂತೆ, ‘ಮಾತು ನಿಲ್ಲಲಿಲ್ಲ. ಉಸಿರು ಸಾಲಲಿಲ್ಲ. ಎರಡೂ ಬೇರೆ’ ಎಂದಳು. ಒಂದಕ್ಷರವೂ ತಡೆಯಲಿಲ್ಲ. ಮೇಷ್ಟ್ರು ಮುಂದಿನ ಸೀಟಿನಲ್ಲಿ ಕೂತವರು ತಿರುಗಿ ನೋಡದೆ ತಲೆಯಾಡಿಸಿದರು.

ಎಸ್ಸೆಸ್ಸೆಲ್ಸಿ ಆದ ಮೇಲೆ ನಾನು ಟಿ.ಸಿ.ಎಚ್. ಓದಲು ಹೋದೆ, ಅವಳು ಲಕ್ಕವಳ್ಳಿಯಲ್ಲೇ ಬಟ್ಟೆ ಹೊಲಿಯುತ್ತ ಪಿಯುಸಿ ಕಟ್ಟಿದಳು. ಆಗಲೇ ಸರ್ಕಾರಿ ಬಸ್ಸಿಗೆ ಹೆಂಗಸರನ್ನೂ ಕಂಡಕ್ಟರಾಗಿ ತೆಗೆದುಕೊಳ್ಳುವ ಸುದ್ದಿ ಬಂತು. ಅವಳು ಅರ್ಜಿ ಹಾಕಿದಳು. ಮನೆಯವರು ಬೆರಗಾದರು. ದಿನವಿಡೀ ಮಾತಾಡುವ ಕೆಲಸಕ್ಕೇ ಯಾಕೆ ಹೋಗಬೇಕು ಎಂದು ನಾನೂ ಕೇಳಿದೆ. ‘ಹೊಲಿಗೆ ಮಿಷನ್ ಜೊತೆ ಇದ್ರೆ ಮಾತೇ ಬೇಕಾಗಲ್ಲ ಕಣೇ ವಿಮಲಾ. ಅದಕ್ಕೇ ಭಯ ಆಗುತ್ತೆ’ ಎಂದಳು.

ಮೊದಲ ಸಲ ಸಂದರ್ಶನದಲ್ಲಿ ‘ನಿಮ್ಮ ಹೆಸರು’ ಎಂದರಂತೆ. ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು, ಎದ್ದು ಬಂದಳು. ಆ ಸೆಪ್ಟೆಂಬರಿನಲ್ಲಿ ಮದಲಮ್ಮ ಹರಿಹರಕ್ಕೆ ಹೊರಟಾಗ ಲೂರ್ದು ಮಂಚದಿಂದ ಏಳಲಿಲ್ಲ. ರಜೆಗೆ ಬಂದಿದ್ದ ನಾನು ಅಲ್ಲೇ ಇದ್ದೆ.

‘ನಾ ಬರಲ್ಲಮ್ಮ. ಕೇಳಿ ಕೇಳಿ ಸಾಕಾಯ್ತು. ಮಾತೆಗೆ ನನ್ನ ಉಗ್ಗು ಅರ್ಥ ಆಗಲ್ವೇನೋ’ ಎಂದಳು. ಆ ಒಂದು ಮಾತಿಗೆ ಎಷ್ಟು ಹೊತ್ತು ಹಿಡಿಯಿತೆಂದರೆ ಮದಲಮ್ಮ ಅಷ್ಟರಲ್ಲಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಇನ್ನಾಸಪ್ಪ ಬಂದು ಮಂಚದ ತುದಿಯಲ್ಲಿ ಕೂತರು. ‘ಕೇಳೋಕ್ಕೆ ಹೋಗೋದು ಬ್ಯಾಡ ಕಣವ್ವ. ಕೇಳಿದ್ದು ಸಾಕು. ಸುಮ್ನೆ ಹೋಗಿ ಕೂತ್ಕೊಂಡು ಬರಣ. ನಂಟರ ಮನೆಗೆ ಹೋದಾಗೆಲ್ಲ ಏನಾದ್ರೂ ಕೇಳ್ತೀವಾ?’ ಎಂದರು.

ಅವಳು ಎದ್ದು ಮುಖ ತೊಳೆದು ಹೋದಳು. ಅಲ್ಲಿ ಏನು ನಡೆಯಿತೆಂದು ಎಷ್ಟೋ ವರ್ಷಗಳ ಮೇಲೆ ನನಗೆ ಹೇಳಿದಳು. ಏನೂ ನಡೆಯಲಿಲ್ಲವಂತೆ. ಜನರ ನಡುವೆ ಅಪ್ಪನ ಭುಜಕ್ಕೊರಗಿ ಕೂತಿದ್ದಳಂತೆ. ಉಗ್ಗು ಹೋಗಲಿ ಎಂದು ಬೇಡದೆ ಕೂತದ್ದು ಅದೇ ಮೊದಲು. ‘ಮೈ ಹಗುರ ಆಯ್ತು. ಇದು ಇರೋದೇ ಅಂತ ಒಪ್ಕೊಂಡೆ. ದೇವರು ಕೈ ಬಿಟ್ಟ ಅಂತ ಅನ್ನಿಸಲಿಲ್ಲ, ಅದೇ ಆಶ್ಚರ್ಯ’ ಎಂದಳು.

ಎರಡನೇ ಸಲ ಸಂದರ್ಶನಕ್ಕೆ ಕರೆ ಬಂದಾಗ ಮತ್ತೆ ಅದೇ ಪ್ರಶ್ನೆ. ಈ ಸಲ ಅವಳು ಹೆಸರಿಗಿಂತ ಮೊದಲೇ ಹೇಳಿಬಿಟ್ಟಳು. ‘ಸರ್, ನನಗೆ ಉಗ್ಗು ಇದೆ. ಹೆಸರು ಹೇಳೋಕ್ಕೆ ಸ್ವಲ್ಪ ಹೊತ್ತು ಬೇಕು. ದಯವಿಟ್ಟು ಕಾಯಿರಿ.’

ಅಧಿಕಾರಿ ಪೆನ್ನು ಕೆಳಗಿಟ್ಟು ಕಾಯ್ದರಂತೆ. ಹೆಸರು ಬಂದ ಮೇಲೆ, ‘ಬಸ್ಸಲ್ಲಿ ಜನ ಹೀಗೆ ಕಾಯ್ತಾರೇನಮ್ಮ?’ ಎಂದು ಕೇಳಿದರು.

‘ಕಾಯದಿದ್ರೆ ಕೈಯಲ್ಲಿ ತೋರಿಸ್ತೀನಿ ಸರ್. ಟಿಕೆಟ್ ಮಾತ್ರ ತಪ್ಪಿಸಲ್ಲ.’

ಅವರು ನಕ್ಕರು. ಕಬಡ್ಡಿಯ ಪ್ರಮಾಣಪತ್ರ ನೋಡಿ, ‘ನೀವು ರೈಡರಾ?’ ಎಂದು ಇನ್ನೊಮ್ಮೆ ಅವಳ ಮುಖ ನೋಡಿದರು. ಕೆಲಸವಾಯಿತು. ಕಡೂರು ಡಿಪೋ.

ಮೊದಲ ಡ್ಯೂಟಿ ಕಡೂರಿನಿಂದ ಸಖರಾಯಪಟ್ಟಣದ ಕಡೆಗೆ. ಅಷ್ಟುದ್ದದ ಊರಿನ ಹೆಸರು ಸಲೀಸಾಗಿ ಬಂತಂತೆ, ಮೂರಕ್ಷರದ ‘ಕಡೂರು’ ಬರಲಿಲ್ಲವಂತೆ. ಕಾಲೇಜು ಹುಡುಗರು ಹಿಂದಿನ ಸೀಟಿನಿಂದ ‘ಕ-ಕ-ಕಡೂರು’ ಎಂದು ಅಣಕಿಸುವರು. ವಯಸ್ಸಾದವರು ಅವಳ ಮಾತನ್ನು ತಾವೇ ಮುಗಿಸಿಕೊಡುವರು. ಎರಡನೆಯದರಿಂದಲೇ ಹೆಚ್ಚು ನೋವಾಗುತ್ತಿತ್ತು ಎಂದು ಅವಳು ಹೇಳುತ್ತಾಳೆ. ಡ್ರೈವರ್ ಕಾಂತರಾಜ್ ಒಳ್ಳೆಯ ಮನುಷ್ಯ. ‘ಅಕ್ಕ, ಸ್ಟಾಪ್ ಹೆಸರು ನಾನು ಕೂಗ್ತೀನಿ ಬಿಡಿ’ ಎಂದನಂತೆ.

‘ಬ್ಯಾಡ ಕಾಂತರಾಜು. ನಾನೇ ಕೂಗ್ತೀನಿ. ನೀವು ಊರು ಇನ್ನೂ ದೂರ ಇರೋವಾಗ ಒಂದ್ಸಲ ಹಾರನ್ ಹೊಡೀರಿ, ಸಾಕು.’

ಹಾರನ್ ಕೇಳಿದಾಗಲೇ ಅವಳು ಉಸಿರು ಬಿಡಲು ಶುರು ಮಾಡುವಳು. ಸ್ಟಾಪಿಗೆ ಬರುವ ಹೊತ್ತಿಗೆ ಹೆಸರು ಬಾಯಿಗೆ ಬಂದಿರುತ್ತಿತ್ತು. ಬರದ ದಿನವೂ ಇತ್ತು. ಒಮ್ಮೆ ಅಂತರಘಟ್ಟೆಯಲ್ಲಿ ಇಳಿಯಬೇಕಾಗಿದ್ದ ಈಶ್ವರಮ್ಮ ಎಂಬ ಮುದುಕಿ, ಹೆಸರು ಕೇಳಿಸದೆ ಮುಂದಿನ ಊರಿಗೆ ಹೋಗಿಬಿಟ್ಟರು. ಅಲ್ಲಿ ಲೂರ್ದು ಅವರ ಗಂಟನ್ನು ತಾನೇ ಇಳಿಸಿ, ಎದುರಿನಿಂದ ಬಂದ ಬಸ್ಸಿಗೆ ಹತ್ತಿಸಿದಳು. ಮುದುಕಿ ಬೈಯುತ್ತಲೇ ಹತ್ತಿ, ಸೀಟಿನಲ್ಲಿ ಕೂತ ಮೇಲೆ ಕಿಟಕಿಯಿಂದ, ‘ನಮ್ಮ ಮೊಮ್ಮಗಳಿಗೂ ಹಿಂಗೇ ಐತವ್ವ. ನಿನ್ನ ಥರ ಕೆಲಸ ಸಿಕ್ಕುತ್ತಾ ಅವಳಿಗೆ?’ ಎಂದು ಕೇಳಿದರಂತೆ.

ಹೀಗೆ ವರ್ಷಗಳು ಹೋದವು. ಕಡೂರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿರುವ ಫಿಲಿಪ್ಪನನ್ನು ಮದುವೆಯಾದಳು, ಮಗಳು ಹುಟ್ಟಿದಳು. ಮದಲಮ್ಮ ತೀರಿಕೊಂಡ ಮೇಲೆ ಇನ್ನಾಸಪ್ಪನವರನ್ನು ತನ್ನ ಮನೆಗೇ ಕರೆತಂದಳು. ನಾನು ತರೀಕೆರೆಯಲ್ಲಿ ಟೀಚರಾಗಿ ನಿಂತೆ. ಅವಳ ಬಸ್ಸು ಸಿಕ್ಕ ದಿನ ಹಬ್ಬ. ಟಿಕೆಟ್ ಕೊಟ್ಟು ಮುಗಿಸಿ ಬಂದು ನನ್ನ ಪಕ್ಕದಲ್ಲಿ ಕೂತರೆ ಲಕ್ಕವಳ್ಳಿಯ ಕ್ವಾರ್ಟರ್ಸು, ಅಣೆಕಟ್ಟೆಯ ಗೇಟು ಎತ್ತಿದಾಗ ಕಿಟಕಿಗಳೆಲ್ಲ ನಡುಗುತ್ತಿದ್ದುದು, ನಮ್ಮಜ್ಜಿ ಗೋಡೆಗೆ ಕಿವಿಗೊಡುತ್ತಿದ್ದುದು, ಎಲ್ಲ ಬರುತ್ತಿತ್ತು.

ಇನ್ನಾಸಪ್ಪನವರಿಗೆ ಎಂಬತ್ತು ತುಂಬಿದ ವರ್ಷ ಕಡೂರಿನ ಚರ್ಚಿನಲ್ಲಿ ಒಂದು ಭಾನುವಾರ ಕೃತಜ್ಞತಾ ಪೂಜೆ ಇಟ್ಟುಕೊಂಡರು. ನನ್ನನ್ನೂ ಕರೆದಿದ್ದಳು. ಆಗ ಅಲ್ಲಿದ್ದ ಫಾದರ್ ಅಂತಪ್ಪ, ಪೂಜೆಯ ನಡುವೆ ಬೈಬಲಿನಿಂದ ಓದುವ ಎರಡನೇ ವಾಚನವನ್ನು ಲೂರ್ದುವೇ ಓದಬೇಕೆಂದು ಹಟ ಹಿಡಿದಿದ್ದರು.

‘ಬಸ್ಸಲ್ಲಿ ತಡವರಿಸಿದ್ರೆ ಪರವಾಗಿಲ್ಲ ಫಾದರ್. ದೇವರ ವಾಕ್ಯ ಅರ್ಧಕ್ಕೆ ನಿಂತ್ರೆ?’ ಎಂದಿದ್ದಳಂತೆ.

‘ನಿಲ್ಲಲಿ. ಜನಕ್ಕೂ ಅಷ್ಟು ಹೊತ್ತು ಯೋಚ್ನೆ ಮಾಡೋಕ್ಕೆ ಸಿಗುತ್ತೆ’ ಎಂದರಂತೆ ಅವರು.

ಅವತ್ತಿನ ವಾಚನ ಸಂತ ಪೌಲನದು. ಹಳೆಯ ಕಾಲದ ಕನ್ನಡ ಕ್ರೈಸ್ತರು ಆತನನ್ನು ಚಿನ್ನಪ್ಪ ಎನ್ನುತ್ತಿದ್ದರಂತೆ. ಮುದುಕನಾದ ಆತ ಸೆರೆಮನೆಯಿಂದ ಶಿಷ್ಯನಿಗೆ ಬರೆಯುತ್ತ, ತನ್ನ ಬಾಳನ್ನು ಕೊನೆಮುಟ್ಟಿದ ಓಟಕ್ಕೆ ಹೋಲಿಸುತ್ತಾನೆ. ನಾನು ಮೂರನೇ ಬೆಂಚಿನಲ್ಲಿದ್ದೆ. ಲೂರ್ದು ಪೀಠದ ಬಳಿ ಹೋಗಿ, ಮೈಕು ತನ್ನ ಎತ್ತರಕ್ಕೆ ಬಗ್ಗಿಸಿಕೊಂಡು ಓದಲು ತೊಡಗಿದಳು. ಮೊದಲ ಸಾಲುಗಳು ಚೆನ್ನಾಗಿ ಬಂದವು. ‘ಓಟ’ ಎಂಬ ಶಬ್ದದ ಬಳಿ ಬಂದಾಗ ನಿಂತಳು.

ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಅಜ್ಜನ ಪಕ್ಕದಲ್ಲಿ ಕೂತಿದ್ದ ಅವಳ ಮಗಳು, ಹೋಗಿ ತಾನೇ ಓದಿಬಿಡುವವಳಂತೆ ಅರ್ಧ ಎದ್ದಳು. ಇನ್ನಾಸಪ್ಪ ಮೊಮ್ಮಗಳ ತೋಳು ಹಿಡಿದು ಕೂರಿಸಿದರು. ತಿರುಗಿ ನೋಡಲಿಲ್ಲ. ಪೀಠದ ಕಡೆಗೇ ನೋಡುತ್ತ, ಏನೂ ಅವಸರವಿಲ್ಲದವರ ಹಾಗೆ ಕೂತಿದ್ದರು. ನನ್ನ ಕೈಬೆರಳುಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ನಮ್ಮ ದೇವರನ್ನೂ ಅವರ ದೇವರನ್ನೂ ಒಟ್ಟಿಗೆ ನೆನೆದೆ.

ಲೂರ್ದು ಮುಖವನ್ನು ಮೈಕಿನಿಂದ ಪಕ್ಕಕ್ಕೆ ತಿರುಗಿಸಿದಳು. ಉಸಿರು ಪೂರ್ತಿ ಹೊರಗೆ ಬಿಟ್ಟಳು. ಒಂದು ಸಾಲು ಹಿಂದಕ್ಕೆ ಹೋಗಿ, ಅಲ್ಲಿಂದ ಮತ್ತೆ ಶುರು ಮಾಡಿದಳು. ಈ ಸಲ ಆ ಶಬ್ದ ಸ್ವಲ್ಪ ಎಳೆದುಕೊಂಡು ಬಂತು, ಆದರೆ ಬಂತು. ಕೊನೆಯ ತನಕ ಓದಿ, ತಲೆಬಾಗಿ, ತನ್ನ ಜಾಗಕ್ಕೆ ಬಂದು ಕೂತಳು.

ಪೂಜೆ ಮುಗಿದು ಹೊರಗೆ ಎಲ್ಲರೂ ಅವಳನ್ನು ಮಾತಾಡಿಸಿದರು. ಇನ್ನಾಸಪ್ಪ ಕೋಲೂರಿಕೊಂಡು ಕೊನೆಗೆ ಬಂದರು. ಮಗಳ ತಲೆಯ ಮೇಲೆ ಕೈಯಿಟ್ಟು, ‘ನಿಮ್ಮಮ್ಮ ಇರ್ಬೇಕಾಗಿತ್ತು’ ಎಂದರು. ಅದಾದ ಎರಡು ಮಳೆಗಾಲ ಕಳೆದು ಅವರೂ ತೀರಿಕೊಂಡರು.

ಈಗ ಲೂರ್ದುವಿಗೂ ನನಗೂ ಐವತ್ತು ದಾಟಿದೆ. ಹೆಂಗಸರಿಗೆ ಫ್ರೀ ಬಸ್ಸು ಆದ ಮೇಲೆ ಅವಳ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆಧಾರ್ ತೋರಿಸಿ ಎಂದು ಹೇಳಿ ಹೇಳಿ ಸಾಕಾಗುತ್ತದಂತೆ, ‘ಆ’ ಅವಳಿಗೆ ಕಷ್ಟದ ಅಕ್ಷರ. ಚರ್ಚಿನಲ್ಲಿ ಸರದಿ ಬಂದಾಗಲೆಲ್ಲ ಓದುತ್ತಾಳೆ. ಕೆಲವು ಭಾನುವಾರ ನಿಲ್ಲುತ್ತಾಳೆ, ಕೆಲವು ಭಾನುವಾರ ಇಲ್ಲ.

ಹೋದ ತಿಂಗಳು ಶಾಲೆಗೆ ರಜೆಯಿದ್ದ ಒಂದು ದಿನ ಅವಳ ಜೊತೆಗೇ ಅಜ್ಜಂಪುರದ ತನಕ ಹೋದೆ. ಅಲ್ಲಿ ಬಸ್ಸು ನಿಲ್ಲುವ ಹೊತ್ತಿನಲ್ಲಿ ಅವಳು ಟೀ ಕುಡಿಯಲು ಹೋಗುವುದಿಲ್ಲ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ರುದ್ರಮೂರ್ತಿ ಮೇಷ್ಟ್ರ ಮನೆ. ಸಕ್ಕರೆ ಕಾಯಿಲೆಯಿಂದ ಅವರಿಗೆ ಕಣ್ಣು ಕಾಣುವುದಿಲ್ಲ. ಜಗುಲಿಯ ಮೇಲೆ ಅದೇ ವಿಭೂತಿ ಹಣೆಯ ಮುದುಕರು ಕೂತಿದ್ದರು. ಸೊಸೆ ಅಶ್ವಿನಿ ಪೇಪರು ತಂದುಕೊಟ್ಟಳು. ಲೂರ್ದು ಯೂನಿಫಾರ್ಮಿನಲ್ಲೇ ಅವರ ಪಕ್ಕ ಕೂತು, ಕ್ರೀಡಾ ಪುಟ ತೆಗೆದು ಗಟ್ಟಿಯಾಗಿ ಓದತೊಡಗಿದಳು. ಇದು ಎಷ್ಟೋ ದಿನಗಳಿಂದ ನಡೆದು ಬಂದಿದೆಯಂತೆ. ನನಗೆ ಅವಳು ಹೇಳಿಯೇ ಇರಲಿಲ್ಲ.

ಯಾವುದೋ ಮಹಿಳಾ ಕಬಡ್ಡಿ ಪಂದ್ಯದ ಸುದ್ದಿ. ಒಬ್ಬ ಆಟಗಾರ್ತಿಯ ಹೆಸರಿನ ಬಳಿ ಅವಳಿಗೆ ತಡೆಯಿತು. ಮೇಷ್ಟ್ರು ಕಾಯ್ದರು.

‘ಹೆಸರು ನಿಧಾನಕ್ಕೆ ಬರ್ಲಿ, ಯಾರು ಗೆದ್ರು ಅದನ್ನಾದ್ರೂ ಹೇಳು’ ಎಂದರು.

‘ತಾಳಿ ಸಾರ್, ಬತ್ತಾ ಇದೀನಿ’ ಎಂದಳು ಲೂರ್ದು. ಮೂವರೂ ನಕ್ಕೆವು.

ಹೊರಡುವಾಗ ಮೇಷ್ಟ್ರು, ‘ನಾಳೆ ಬತ್ತೀಯೇನವ್ವ?’ ಎಂದು ಕೇಳಿದರು.

‘ನಾಳೆ ಭಾನುವಾರ ಸಾರ್, ಚರ್ಚಲ್ಲಿ ಓದೋ ಸರದಿ ಇದೆ. ಸೋಮವಾರ ಬತ್ತೀನಿ.’

‘ಹಂಗಾದ್ರೆ ಅಲ್ಲಿ ಓದಿದ್ದನ್ನೂ ಸ್ವಲ್ಪ ಹೇಳು ಬಂದು.’

ಅಶ್ವಿನಿ ಕೋಡುಬಳೆ ಕಟ್ಟಿಕೊಟ್ಟಳು. ಬಸ್ಸು ತರೀಕೆರೆಯ ಕಡೆ ತಿರುಗಿದ ಮೇಲೆ, ಟಿಕೆಟ್ ಕೊಟ್ಟು ಮುಗಿಸಿ ಬಂದು ಲೂರ್ದು ನನ್ನ ಪಕ್ಕದಲ್ಲಿ ಕೂತಳು. ಕಿಟಕಿಯಲ್ಲಿ ತೆಂಗಿನ ತೋಟಗಳು ಹಿಂದಕ್ಕೆ ಸರಿಯುತ್ತಿದ್ದವು. ಪೊಟ್ಟಣ ಬಿಚ್ಚಿ ಇಬ್ಬರೂ ತಿನ್ನುತ್ತ ಕೂತೆವು.